ಪಾಕ ಬಂತೇನ್ರೀ?

ಬೆಲ್ಲ ಬೇಯುವ ಕಡೆಗೆ ಮಕ್ಕಳನ್ನು ಯಾರೂ ಕರೆಯಬೇಕಾಗಿಲ್ಲ. ಹಂಪಸಾಗರದಲ್ಲಿ ತುಂಗಭದ್ರೆಯ ಹಿನ್ನೀರಿನ ಮಗ್ಗುಲಿಗೆ ಯಾರೋ ಗಾಣ ಹೂಡಿದರು ಅನ್ನಿ. ಅವರೇನು ಕರಪತ್ರ ಹಂಚುವುದಿಲ್ಲ, ಆಟೋಕ್ಕೆ ಮೈಕು ಕಟ್ಟಿ ಕೂಗಿಸುವುದೂ ಇಲ್ಲ. ಆದರೂ ಮೊದಲ ಕೊಪ್ಪರಿಗೆ ನೊರೆ ಕಟ್ಟುವ ಹೊತ್ತಿಗೆ ಕಬ್ಬಿನ ಸಿಪ್ಪೆಯ ರಾಶಿ ಮೇಲೆ ಏಳೆಂಟು ಹುಡುಗರು ಹಾಜರು. ಇದೇ ನಿಷ್ಠೆ ಸಾಲಿಯ ಮೇಲೆ ಇದ್ದಿದ್ದರೆ ನಮ್ಮ ಕಡೆಯ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಪೇಪರಿನವರು ಬೇರೆ ಥರ ಬರೆಯುತ್ತಿದ್ದರು. ಗಾಣದ ಯಜಮಾನ ಒಮ್ಮೆ ಗದರುತ್ತಾನೆ, ಹುಡುಗರು ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ. ಆತ ಬೆನ್ನು ತಿರುಗಿಸಿದ ಕೂಡಲೇ ಹನ್ನೆರಡು ಹೆಜ್ಜೆ ಮುಂದೆ. ಸಂಜೆಯವರೆಗೆ ಹೀಗೇ ನಡೆಯುತ್ತದೆ. ಆತನ ಗದರಿಕೆಯಲ್ಲಿ ಸಿಟ್ಟಿಲ್ಲ, ಇವರ ಹಿಂಜರಿತದಲ್ಲಿ ಹೆದರಿಕೆ ಇಲ್ಲ. ಕಬ್ಬು ನುರಿಸುವುದು, ಸುಣ್ಣ ಹಾಕುವುದು, ಹೊಲಸು ತೆಗೆಯುವುದು, ಮಕ್ಕಳನ್ನು ಓಡಿಸುವುದು, ಹೀಗೆ ಅದೂ ಬೆಲ್ಲ ಮಾಡುವ ಕೆಲಸದ ಒಂದು ಹಂತ.

ಮಂಡ್ಯದವರು ಆಲೆಮನೆ ಅನ್ನುವುದನ್ನೇ ನಾವಿಲ್ಲಿ ಗಾಣ ಅನ್ನುತ್ತೇವೆ. ಚಳಿ ಬಿದ್ದ ಮೇಲೆ ಶುರುವಾದರೆ ಶಿವರಾತ್ರಿಯ ಆಸುಪಾಸಿನವರೆಗೆ ಅದರ ಭರಾಟೆ. ನಮ್ಮ ಚಳಿಯಾದರೂ ಎಂಥದ್ದು, ತೀರಾ ಇಳಿದರೆ ಹದಿನೈದು ಡಿಗ್ರಿಯ ಆಚೀಚೆ. ಅಷ್ಟಕ್ಕೇ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಜನ ಮಂಕಿಕ್ಯಾಪು ಏರಿಸಿ, ಅದರ ಮೇಲೊಂದು ಟವೆಲ್ಲು ಬಿಗಿದು, ಕಂಡಕ್ಟರ್ ಕೂಗಿದ್ದು ಕೇಳದೆ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಕಬ್ಬಿಗೆ ಮಾತ್ರ ಈ ಚಳಿ ಬೇಕೇ ಬೇಕು. ರಾತ್ರಿ ತಂಪಾದರೆ ಗಿಡ ಉದ್ದ ಬೆಳೆಯುವ ಹುಚ್ಚು ಬಿಟ್ಟು, ಕೂತಲ್ಲೇ ಸಕ್ಕರೆ ಕೂಡಿಡಲು ತೊಡಗುತ್ತದೆ. ಸೂಲಂಗಿ, ಅಂದರೆ ಹೂ, ಬಿಟ್ಟು ಬಹಳ ದಿನ ನಿಂತರೆ ಕೂಡಿಟ್ಟದ್ದನ್ನು ತಾನೇ ತಿಂದು ಬೆಂಡಾಗುತ್ತದೆ. ನಡುವೆ ಸಿಗುವ ಆ ಒಂದಷ್ಟು ವಾರಗಳಲ್ಲೇ ಕಡಿದು ಗಾಣಕ್ಕೆ ಕೊಡಬೇಕು.

ಎತ್ತಿನ ಗಾಣವಿದ್ದ ಕಾಲಕ್ಕೆ ಮಕ್ಕಳಿಗೆ ಅಲ್ಲೊಂದು ಹುದ್ದೆಯೂ ಇತ್ತು. ತೊಲೆಯ ಮೇಲೆ ಕೂತು ಎತ್ತು ಹೊಡೆಯುವುದು. ಎತ್ತೂ ಸುತ್ತುತ್ತಿತ್ತು, ಹುಡುಗನೂ ಸುತ್ತುತ್ತಿದ್ದ. ಸಂಜೆಗೆ ಎತ್ತಿಗೆ ಹಿಂಡಿ, ಹುಡುಗನಿಗೆ ಬೆಲ್ಲ. ಮೊದಲು ಡೀಸೆಲ್ ಎಂಜಿನ್ನು, ಆಮೇಲೆ ಕರೆಂಟಿನ ಮೋಟರು ಬಂದು ಎತ್ತಿನ ಜೊತೆ ಹುಡುಗನ ಹುದ್ದೆಯೂ ರದ್ದಾಯಿತು. ಹುದ್ದೆ ಹೋದರೂ ಹುಡುಗರು ಸಂಬಳ ಬಿಡಲಿಲ್ಲ.

ಈಗ ಅವರಿಗೆ ಎರಡು ಕಡೆ ಪ್ರವೇಶವಿಲ್ಲ. ಒಂದು, ಉರುಳೆಗಳ ಹತ್ತಿರ. ಕಬ್ಬು ಕೊಟ್ಟ ಕೈಯನ್ನು ಉರುಳೆ ಕಬ್ಬೆಂದೇ ತಿಳಿದು ಎಳೆದುಕೊಳ್ಳುತ್ತದೆ. ಆ ವಿಷಯದಲ್ಲಿ ಯಜಮಾನನ ಗದರಿಕೆ ತಮಾಷೆಯದಲ್ಲ. ಎರಡು, ಕೊಪ್ಪರಿಗೆಯ ಅಂಚು. ಮಿಕ್ಕಿದ್ದೆಲ್ಲ ಅವರದೇ ರಾಜ್ಯ. ಸಿಪ್ಪೆ ರಾಶಿಯ ಮೇಲೆ ಕೂತರೆ ಎಲ್ಲ ಕಾಣುತ್ತದೆ. ಹಸಿರು ಬೂದು ಬಣ್ಣದ ಕಬ್ಬಿನ ಹಾಲು ತೊಟ್ಟಿಯಿಂದ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಗುಂಡಿಯಲ್ಲಿ ಒಬ್ಬ ಒಣ ಸಿಪ್ಪೆ ತುರುಕುತ್ತಲೇ ಇರುತ್ತಾನೆ. ಕಬ್ಬಿನ ಹಾಲನ್ನು ಕಬ್ಬಿನ ಸಿಪ್ಪೆಯಿಂದಲೇ ಬೇಯಿಸುವ ಈ ಲೆಕ್ಕಾಚಾರ ಕಂಡುಹಿಡಿದವರಿಗೆ ಯಾವ ಪ್ರಶಸ್ತಿಯೂ ಬಂದಂತಿಲ್ಲ. ಹಾಲಿನ ಹುಳಿ ಮುರಿಯಲು ಸುಣ್ಣದ ತಿಳಿ, ಕಸ ಹಿಡಿಯಲು ಬೆಂಡೆ ಗಿಡ ಜಜ್ಜಿದ ಲೋಳೆ. ಲೋಳೆ ಕಸವನ್ನೆಲ್ಲ ಅಪ್ಪಿಕೊಂಡು ಮೇಲೆ ತೇಲುತ್ತದೆ, ಅದನ್ನು ಜಾಲರಿಯಲ್ಲಿ ಬಳಿದು ಎಸೆಯುತ್ತಾರೆ. ಆಮೇಲೆ ನೊರೆ ಉಕ್ಕಿ ಬರುವಾಗ ನಾಲ್ಕು ಹನಿ ಎಣ್ಣೆ ಚಿಮುಕಿಸಿದರೆ ಸಾಕು, ಅಷ್ಟು ದೊಡ್ಡ ಉಬ್ಬರ ತೆಪ್ಪಗಾಗುತ್ತದೆ. ಮಕ್ಕಳಿಗೆ ಇದು ಪ್ರತಿ ಸಲವೂ ಜಾದೂ. ನನಗೂ ಅಷ್ಟೇ, ಆದರೆ ವಯಸ್ಸಾದವರು ಬಾಯಿ ಬಿಟ್ಟುಕೊಂಡು ನೋಡಬಾರದೆಂದು ಗಡ್ಡ ಕೆರೆದುಕೊಳ್ಳುತ್ತೇನೆ.

ಇಷ್ಟರ ನಡುವೆ ಐದೈದು ನಿಮಿಷಕ್ಕೆ ರಾಶಿಯ ಮೇಲಿಂದ ಒಂದೇ ಪ್ರಶ್ನೆ: "ಪಾಕ ಬಂತೇನ್ರೀ?"

ಪಾಕ ನೋಡುವವನು ಉತ್ತರ ಕೊಡುವುದಿಲ್ಲ. ಅವನ ಪಕ್ಕದಲ್ಲಿ ತಣ್ಣೀರಿನ ಬೋಗುಣಿ ಇರುತ್ತದೆ. ಕುದಿಯುವ ರಸವನ್ನು ಕೋಲಿನ ತುದಿಯಲ್ಲಿ ಎತ್ತಿ ನೀರಿಗೆ ಬಿಡುತ್ತಾನೆ. ಕರಗಿ ಹರಡಿದರೆ ಇನ್ನೂ ಆಗಿಲ್ಲ. ಮುದ್ದೆಗಟ್ಟಿ ಬೆರಳಿಗೆ ಉಂಡೆಯಾದರೆ ಆಯಿತು. ಸುಮಾರು 118 ಡಿಗ್ರಿ ಎನ್ನುತ್ತವೆ ಕೃಷಿ ಪುಸ್ತಕಗಳು. ಬೋಗುಣಿಗೆ ಡಿಗ್ರಿ ಗೊತ್ತಿಲ್ಲ, ಆದರೂ ತಪ್ಪುವುದಿಲ್ಲ. ಆ ಉಂಡೆ ಇದೆಯಲ್ಲ, ಅದು ಬೆಲ್ಲವೂ ಅಲ್ಲ, ರಸವೂ ಅಲ್ಲ. ಎಳೆದರೆ ಎಳೆಯಾಗುತ್ತದೆ, ಕಚ್ಚಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಬಾಯಿ ತೆರೆಯಲಾಗದೆ ಹುಡುಗ ಐದು ನಿಮಿಷ ಮೌನವಾಗಿರುತ್ತಾನೆ. ಪಾಕ ನೋಡುವವನು ಅದನ್ನು ರಾಶಿಯ ಕಡೆ ಚಾಚುವುದು ಆ ಮೌನದ ಆಸೆಗೇ ಇರಬೇಕು.

ಗಾಣಕ್ಕೊಂದು ಅಲಿಖಿತ ಕಾಯಿದೆ ಇದೆ. ಬಂದವರನ್ನು ಬರಿಗೈಲಿ ಕಳಿಸಬಾರದು. ಒಂದು ಚೆಂಬು ಹಾಲು, ಒಂದು ಹಿಡಿ ಬಿಸಿ ಬೆಲ್ಲ, ಅದೃಷ್ಟವಿದ್ದರೆ ಅದರಲ್ಲಿ ನಾಲ್ಕು ಶೇಂಗಾ. ದಾರಿಹೋಕನಿಗೂ ಇದೇ, ಸಾಲ ವಸೂಲಿಗೆ ಬಂದವನಿಗೂ ಇದೇ. ಲೆಕ್ಕ ಹಾಕಿದರೆ ಸಣ್ಣ ಖರ್ಚಲ್ಲ. ನೂರು ಕೆಜಿ ಕಬ್ಬು ನುರಿಸಿದರೆ ಬರುವ ಬೆಲ್ಲ ಹತ್ತು ಕೆಜಿಯ ಆಚೀಚೆ. ಆದರೂ ಕೊಡದೆ ಇದ್ದರೆ ಕೊಪ್ಪರಿಗೆ ಕೆಡುತ್ತದೆ, ಪಾಕ ಬರುವುದಿಲ್ಲ ಎಂಬ ನಂಬಿಕೆ. ಈ ನಂಬಿಕೆಯನ್ನು ಹುಟ್ಟು ಹಾಕಿದವರು ಮಕ್ಕಳೇ ಎಂಬುದು ನನ್ನ ಗುಮಾನಿ.

ಇದನ್ನೆಲ್ಲ ಒಮ್ಮೆ ಕೂತು ಯೋಚಿಸುವ ಹಾಗೆ ಮಾಡಿದ್ದು ಟೊರಾಂಟೊದಿಂದ ಬಂದ ಒಂದು ವಿಡಿಯೋ. ನನ್ನ ಅಣ್ಣನ ಮಗಳು ಆ ಊರಿನ ಹತ್ತಿರ ಇದ್ದಾಳೆ. ಅವಳ ಮಗನಿಗೆ ಒಂಬತ್ತು ವರ್ಷ. ಮಾರ್ಚ್‌ನಲ್ಲಿ ಅಲ್ಲಿ ಸಾಲಿಗೆ ಒಂದು ವಾರ ರಜೆ. ಊರ ಹೊರಗೆ ಕೋರ್ಟ್‌ರೈಟ್ ಎಂಬ ಪ್ರಕೃತಿ ಕೇಂದ್ರವಿದೆ, ಅಲ್ಲಿ ಮೇಪಲ್ ಸಿರಪ್ ಹಬ್ಬ ನಡೆಯುತ್ತದೆ. ಟಿಕೆಟ್ಟು ತೆಗೆಸಿಕೊಂಡು ಮಕ್ಕಳನ್ನು ಕಾಡಿಗೆ ಬಿಡುತ್ತಾರೆ. ಹುಡುಗ ಮೂಗು ಕೆಂಪಗೆ ಮಾಡಿಕೊಂಡು, ಮೊಣಕಾಲಿನವರೆಗೆ ಬೂಟು ಹಾಕಿಕೊಂಡು, ಮರಕ್ಕೆ ನೇತು ಹಾಕಿದ ತಗಡಿನ ಬಕೆಟ್ಟಿನೊಳಗೆ ಇಣುಕುತ್ತಿದ್ದಾನೆ. ಟಪ್, ಟಪ್ ಎಂದು ಹನಿ ಬೀಳುತ್ತಿದೆ. ಬೆರಳು ಅದ್ದಿ ನೆಕ್ಕಿ ನೋಡಿದ. ಮುಖದಲ್ಲಿ ಭಾರೀ ನಿರಾಸೆ. "ತಾತ, ಇದು ನೀರು!"

ಹುಡುಗ ಹೇಳಿದ್ದು ಹೆಚ್ಚೂಕಡಿಮೆ ನಿಜವೇ. ಮೇಪಲ್ ಮರದ ರಸದಲ್ಲಿ ಸಕ್ಕರೆ ಇರುವುದು ನೂರಕ್ಕೆ ಎರಡು ಪಾಲು. ನಮ್ಮ ಕಬ್ಬಿನ ಹಾಲಿನಲ್ಲಿ ಅದರ ಎಂಟು ಪಟ್ಟಾದರೂ ಇರುತ್ತದೆ. ಅವರು ಒಂದು ಲೀಟರ್ ಸಿರಪ್ಪಿಗೆ ನಲವತ್ತು ಲೀಟರ್ ರಸ ಕಾಯಿಸಬೇಕು. ಅದೂ ಮರ ರಸ ಬಿಡುವುದು ಯಾವಾಗೆಂದರೆ ಆಗಲ್ಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು, ಎರಡೂ ಸೇರಬೇಕು. ಆ ಹೆಪ್ಪು ಕರಗುವ ಹೊತ್ತಿನಲ್ಲಿ ಕಾಂಡದೊಳಗೆ ಒತ್ತಡ ಏರಿ, ತೂತು ಕೊರೆದ ಕಡೆಯಿಂದ ರಸ ಹೊರಗೆ ಬರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ನಾಲ್ಕೈದು ವಾರ. ಮೊಗ್ಗು ಒಡೆದರೆ ರುಚಿ ಕೆಡುತ್ತದೆ, ಅಂಗಡಿ ಬಂದ್. ತೂತು ಕೊರೆಯಲು ಯೋಗ್ಯವಾಗುವಷ್ಟು ಮರ ದಪ್ಪವಾಗಲು ನಲವತ್ತು ವರ್ಷವೇ ಬೇಕಂತೆ. ಹನ್ನೆರಡು ತಿಂಗಳ ಕಬ್ಬಿಗೇ ಸಾಲಗಾರರಿಂದ ತಲೆ ತಪ್ಪಿಸಿಕೊಂಡು ಓಡಾಡುವ ನಮ್ಮ ರೈತನಿಗೆ ಇದನ್ನು ಹೇಳಿದರೆ ಕೈ ಮುಗಿದುಬಿಡುತ್ತಾನೆ.

ಯುರೋಪಿನವರು ಅಲ್ಲಿಗೆ ಕಾಲಿಡುವ ಮೊದಲೇ ಆ ನೆಲದ ಮೂಲನಿವಾಸಿಗಳು ಈ ರಸ ಕಾಯಿಸುತ್ತಿದ್ದರು. ಈ ಹೊತ್ತಿನ ಚಂದ್ರನಿಗೆ ಸಕ್ಕರೆಯ ಚಂದ್ರ ಎಂದೇ ಅವರಲ್ಲಿ ಕೆಲವರು ಹೆಸರಿಟ್ಟಿದ್ದರು. ಈಗ ತಗಡಿನ ಬಕೆಟ್ಟು ಮಕ್ಕಳಿಗೆ ತೋರಿಸಲು ಮಾತ್ರ. ಅಸಲಿ ತೋಟಗಳಲ್ಲಿ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಪೈಪು, ಪೈಪಿನ ಕೊನೆಗೆ ರಸ ಎಳೆಯುವ ಪಂಪು. ನಮ್ಮಲ್ಲಿ ಮೇಳಗಳಲ್ಲಿ ಎತ್ತಿನ ಗಾಣ ನಿಲ್ಲಿಸಿ, ಪಕ್ಕದಲ್ಲಿ ಸೆಲ್ಫಿ ತೆಗೆಸುವುದಿಲ್ಲವೇ, ಹಾಗೆ.

ವಿಡಿಯೋದ ಎರಡನೇ ಭಾಗ ನೋಡಿ ನಾನು ಕುರ್ಚಿಯಿಂದ ಎದ್ದೆ. ಅಲ್ಲೊಬ್ಬಾಕೆ ಗಟ್ಟಿಯಾಗಿ ಕಾಯಿಸಿದ ಸಿರಪ್ಪನ್ನು ಉದ್ದಕ್ಕೆ ಹಾಸಿದ ಹಿಮದ ಮೇಲೆ ಸುರಿದಳು. ಹಿಮ ಮುಟ್ಟಿದ ತಕ್ಷಣ ಅದು ಅಂಟಾಗಿ ನಿಂತಿತು. ಮಕ್ಕಳು ಐಸ್‌ಕ್ರೀಮ್ ಕಡ್ಡಿಗೆ ಸುತ್ತಿ ಸುತ್ತಿ ಬಾಯಿಗಿಟ್ಟುಕೊಂಡರು. ಹುಡುಗನ ಬಾಯಿ ಮುಚ್ಚಿತು. ಐದು ನಿಮಿಷ ಮಾತಿಲ್ಲ. ಇದು ನಮ್ಮ ಬೋಗುಣಿಯೇ ಅಲ್ಲವೇ! ಪಾಕ ಬಿಸಿಯಲ್ಲಿರುವಾಗ ಥಟ್ಟನೆ ತಣ್ಣಗಾದರೆ ಸಕ್ಕರೆಗೆ ಹರಳುಗಟ್ಟಲು ಪುರುಸೊತ್ತು ಸಿಗುವುದಿಲ್ಲ, ಅಂಟಾಗಿಯೇ ಉಳಿಯುತ್ತದೆ. ಅವರಿಗೆ ತಣ್ಣಗೆ ಮಾಡಲು ದೇವರು ಬಯಲಿನ ತುಂಬ ಹಿಮ ಹಾಸಿಕೊಟ್ಟಿದ್ದಾನೆ. ನಮಗೆ ತುಂಗಭದ್ರೆಯ ಹಿನ್ನೀರು, ಒಂದು ಸಿಲ್ವರ್ ಬೋಗುಣಿ. ಹದಿಮೂರು ಸಾವಿರ ಕಿಲೋಮೀಟರು ದೂರದಲ್ಲಿ, ಒಬ್ಬರನ್ನೊಬ್ಬರು ಕೇಳದೆ, ಎರಡು ಊರಿನ ದೊಡ್ಡವರು ಮಕ್ಕಳ ಬಾಯಿ ಮುಚ್ಚಿಸುವ ಒಂದೇ ಉಪಾಯ ಕಂಡುಕೊಂಡಿದ್ದರು.

ಕೆನಡಾದಲ್ಲಿ ಈ ಸಿಹಿಯನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ. ಲೋಕದ ಮೇಪಲ್ ಸಿರಪ್ಪಿನಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕ್ವಿಬೆಕ್ ಪ್ರಾಂತ್ಯದ್ದೇ. ಬರಗಾಲಕ್ಕೆಂದು ನಾವು ಜೋಳ ಹಗೇವಿನಲ್ಲಿ ಇಡುತ್ತಿದ್ದಂತೆ ಅವರು ಸಿರಪ್ಪನ್ನು ಪೀಪಾಯಿಗಳಲ್ಲಿ ಗೋದಾಮು ತುಂಬಿಸಿ ಇಟ್ಟಿದ್ದಾರೆ. 2011–12ರಲ್ಲಿ ಕಳ್ಳರು ಅದಕ್ಕೂ ಕನ್ನ ಹಾಕಿದರು. ತಿಂಗಳುಗಟ್ಟಲೆ ಪೀಪಾಯಿಗಳಿಂದ ಸಿರಪ್ಪು ತೆಗೆದು, ಕೆಲವಕ್ಕೆ ನೀರು ತುಂಬಿಸಿಟ್ಟು, ಸುಮಾರು 3,000 ಟನ್ ಸಾಗಿಸಿಬಿಟ್ಟರು. ಬೆಲೆ ಒಂದು ಕೋಟಿ 87 ಲಕ್ಷ ಕೆನಡಾ ಡಾಲರಿನಷ್ಟು. ಗಾಣದಲ್ಲಿ ಅಂಗಿ ಕಿಸೆಗೆ ಬೆಲ್ಲದ ಚೂರು ಇಳಿಸಿ, ಕಿಸೆ ಅಂಟಿ, ಅವ್ವನ ಕೈಗೆ ಸಿಕ್ಕಿಬೀಳುವ ನಮ್ಮ ಹುಡುಗರು ಇದನ್ನು ಕೇಳಿ ಬಹಳ ಗೌರವದಿಂದ ತಲೆದೂಗಿದರು.

ಇರಲಿ. ಟೊರಾಂಟೊದ ಹುಡುಗ ಮುಂದಿನ ಪ್ರಶ್ನೆ ಹಾಕಿದ. "ತಾತ, ನಿಮ್ಮಲ್ಲಿ ಮರ ಸಿಹಿ ಕೊಡುತ್ತಾ?"

ಕೊಡುತ್ತದಪ್ಪ, ಆದರೆ ನಾವು ಅದಕ್ಕೆ ಬಕೆಟ್ಟು ಕಟ್ಟುವುದಿಲ್ಲ, ತೆಂಗಿನಕಾಯಿ ಒಡೆಯುತ್ತೇವೆ ಎಂದೆ. ಬೇವಿನ ಮರದ ಕಥೆ ಹೇಳಬೇಕಾಯಿತು. ಎಲ್ಲೋ ಒಂದು ಬೇವಿನ ಮರ ಇದ್ದಕ್ಕಿದ್ದಂತೆ ಕಾಂಡದಿಂದ ಬಿಳಿ ರಸ ಸುರಿಸಲು ತೊಡಗುತ್ತದೆ. ಹಾಲಿನಂಥ ನೊರೆ, ನೆಕ್ಕಿದವರು ಸಿಹಿ ಎನ್ನುತ್ತಾರೆ. ಕಹಿ ಮರದಲ್ಲಿ ಸಿಹಿ ಹಾಲು! ಬೆಳಗಾಗುವುದರೊಳಗೆ ಮರಕ್ಕೆ ಅರಿಸಿನ ಕುಂಕುಮ, ಸೀರೆ, ಹಸಿರು ಬಳೆ. ಮಧ್ಯಾಹ್ನಕ್ಕೆ ಮಂಡಕ್ಕಿ ಮಿರ್ಚಿ ಅಂಗಡಿ. ಸಂಜೆಗೆ ಹುಂಡಿ. ಮರದೊಳಗಿನ ರಸ ಗಾಯದ ಕಡೆಯಿಂದ ಒಸರಿ, ಗಾಳಿ ತಾಗಿ ಹುಳಿತು ನೊರೆಯಾಗುತ್ತದೆ ಎಂದು ಸಸ್ಯಶಾಸ್ತ್ರ ಓದಿದವರು ಹೇಳುತ್ತಾರೆ, ಆದರೆ ಅವರು ಹೇಳುವ ಹೊತ್ತಿಗೆ ಹುಂಡಿಯ ಬಗ್ಗೆ ಎರಡು ಪಾರ್ಟಿ ಆಗಿರುತ್ತವೆ. ಕೆಲವು ದಿನಕ್ಕೆ ರಸ ನಿಲ್ಲುತ್ತದೆ. ಮಿರ್ಚಿ ಅಂಗಡಿ ಮಾತ್ರ ಅಲ್ಲೇ ಖಾಯಂ ಆಗುತ್ತದೆ.

ಮೇಪಲ್ಲಿಗೆ ನಿಜವಾದ ನೆಂಟ ನಮ್ಮ ಈಚಲು. ಕೂಡ್ಲಿಗಿ, ಹರಪನಹಳ್ಳಿ ಕಡೆ ಹಳ್ಳದ ಸಾಲಿನಲ್ಲಿ ಈಚಲ ವನಗಳಿದ್ದವು, ಈಗಲೂ ಅಲ್ಲಲ್ಲಿ ಇವೆ. ಕುತ್ತಿಗೆ ಕೆತ್ತಿ, ಮಡಕೆ ಕಟ್ಟಿ, ರಾತ್ರಿಯಿಡೀ ತೊಟ್ಟಿಕ್ಕಿದ್ದನ್ನು ಬೆಳಗ್ಗೆ ಇಳಿಸುವುದು. ಕೋರ್ಟ್‌ರೈಟಿನ ಬಕೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಮಡಕೆಗೆ ಸುಣ್ಣ ಬಳಿದು, ಹೊತ್ತು ಹುಟ್ಟುವ ಮೊದಲೇ ಇಳಿಸಿದರೆ ನೀರಾ, ಮಕ್ಕಳೂ ಕುಡಿಯಬಹುದು. ಸುಣ್ಣ ಬಳಿಯದೆ ಬಿಸಿಲೇರಿದ ಮೇಲೆ ಇಳಿಸಿದರೆ ಸೇಂದಿ, ಮಕ್ಕಳ ಅಪ್ಪಂದಿರು ಕುಡಿಯುತ್ತಾರೆ. ನಮ್ಮ ಕಡೆ ಸುಣ್ಣ ಬಳಿಯಲು ಆಸಕ್ತಿ ಇದ್ದವರು ಕಡಿಮೆ. 2004ರಲ್ಲಿ ಸರ್ಕಾರ ಕರಾವಳಿ ಬಿಟ್ಟು ಮಿಕ್ಕ ಕಡೆ ಸೇಂದಿ ನಿಲ್ಲಿಸಿತು. ಅಲ್ಲಿಗೆ ಈಚಲು ಪೊರಕೆ, ಚಾಪೆ, ಬುಟ್ಟಿಗೆ ಇಳಿಯಿತು. ಇದೇ ಜಾತಿಯ ಮರಕ್ಕೆ ಬಂಗಾಳದಲ್ಲಿ ಬೇರೆಯದೇ ಭಾಗ್ಯ. ಚಳಿಗಾಲದಲ್ಲಿ ಅದರ ರಸ ಕಾಯಿಸಿ ನೊಲೇನ್ ಗುಡ್ ಎಂಬ ಬೆಲ್ಲ ಮಾಡುತ್ತಾರೆ, ಅದನ್ನು ಹಾಕಿದ ಸಂದೇಶ್ ಎಂಬ ಸಿಹಿಗಾಗಿ ಕೊಲ್ಕತ್ತದವರು ವರ್ಷವಿಡೀ ಕಾಯುತ್ತಾರೆ. ಬಾಂಗ್ಲಾದೇಶದಲ್ಲಿ ರಾತ್ರಿ ಬಾವಲಿ ಬಂದು ಮಡಕೆಗೆ ಬಾಯಿ ಹಾಕಿ, ಹಸಿ ರಸ ಕುಡಿದವರಿಗೆ ನಿಪಾ ಅಂಟಿದ್ದೂ ಉಂಟು. ಕಾಯಿಸಿದರೆ ಆ ಭಯವಿಲ್ಲ. ಹಾಗಾಗಿ ಹಸಿ ಮಡಕೆಗಿಂತ ಕೊಪ್ಪರಿಗೆಯ ಸುತ್ತ ಮಕ್ಕಳು ಕೂರುವುದೇ ಕ್ಷೇಮ.

ಹುಡುಗನ ವಿಡಿಯೋವನ್ನು ನಾನು ಪರಿಚಯದ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಅವರು ಉತ್ಸಾಹದ ಮನುಷ್ಯ. ನಮ್ಮ ಸರ್ಕಾರಿ ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಸಂಭ್ರಮ ಶನಿವಾರ, ಮಕ್ಕಳು ಬ್ಯಾಗಿಲ್ಲದೆ ಬರುವ ದಿನ. ಅರಣ್ಯ ಇಲಾಖೆಯವರದು ಚಿಣ್ಣರ ವನ ದರ್ಶನ ಎಂಬ ಕಾರ್ಯಕ್ರಮವಿದೆ. ಇಷ್ಟೆಲ್ಲ ಇರುವಾಗ ನಮ್ಮ ಮಕ್ಕಳಿಗೂ ಒಂದು ಹೊರಸಂಚಾರ ಆಗಲಿ ಎಂದು ಅವರೇ ಟೆಂಪೊ ಗೊತ್ತು ಮಾಡಿದರು. ಬೆಳಗ್ಗೆ ಅಂಕಸಮುದ್ರ, ಮಧ್ಯಾಹ್ನ ಗಾಣ. ನನ್ನನ್ನು ಹಿರಿಯರೆಂದು ಕರೆದರು. ಹಿರಿಯರೆಂದರೆ ಟೆಂಪೊದಲ್ಲಿ ಮುಂದಿನ ಸೀಟು, ತೊಡೆಯ ಮೇಲೆ ಉಪ್ಪಿಟ್ಟಿನ ಡಬರಿ.

ಅಂಕಸಮುದ್ರದ ಕೆರೆ ನಮ್ಮ ತಾಲ್ಲೂಕಿನದೇ. ಕೆರೆ ತುಂಬ ಜಾಲಿ ಮರ, ಮರದ ತುಂಬ ಹಕ್ಕಿ. 2024ರ ಜನವರಿಯಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಅದು. ನೂರು ಹೆಕ್ಟೇರೂ ತುಂಬದ ನಮ್ಮ ಕೆರೆ ಚಿಲಿಕಾ ಸರೋವರದ ಸಾಲಿನಲ್ಲಿ ಕೂತಿದೆ. ಇದನ್ನು ಮೇಷ್ಟ್ರು ಬಹಳ ಭಾವುಕರಾಗಿ ವಿವರಿಸಿದರು. ಮಕ್ಕಳು ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆ ಎಲ್ಲವನ್ನೂ ನೋಡಿದರು, ಒಂದೇ ದುರ್ಬೀನಿಗೆ ಜಗಳವನ್ನೂ ಆಡಿದರು. ಆದರೆ ಹಕ್ಕಿ ನೋಡುವುದರಲ್ಲಿ ಒಂದು ತೊಡಕಿದೆ, ಸದ್ದು ಮಾಡಬಾರದು. ನಲವತ್ತು ಮಕ್ಕಳು ಸುಮ್ಮನಿರುವುದು ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಇದ್ದರು. ಆಮೇಲೆ ಹಕ್ಕಿಗಳೇ ಬೇರೆ ಮರಕ್ಕೆ ಹೋದವು.

ಗಾಣದಲ್ಲಿ ಆ ತೊಡಕಿಲ್ಲ. ಅಲ್ಲಿ ಮೋಟರಿನ ಸದ್ದೇ ಮಕ್ಕಳಿಗಿಂತ ದೊಡ್ಡದು. ಯಜಮಾನನಿಗೆ ಮಾತ್ರ ಗೊಂದಲ. ಇಷ್ಟು ವರ್ಷ ಮಕ್ಕಳನ್ನು ಓಡಿಸುತ್ತ ಬಂದವನಿಗೆ ಈಗ ಸಾಲಾಗಿ ನಿಂತು ನಮಸ್ಕಾರ ಹೇಳುವ ಮಕ್ಕಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಮೇಷ್ಟ್ರು ಆತನಿಗೆ ಶಾಲು ಹೊದಿಸಿ, "ಇವತ್ತು ನೀವೇ ನಮ್ಮ ಸಂಪನ್ಮೂಲ ವ್ಯಕ್ತಿ" ಎಂದರು. ಆತ ಶಾಲು ತೆಗೆದು ಕೊಪ್ಪರಿಗೆಯ ಹಬೆ ತಾಗದ ಕಡೆ ಮಡಚಿಟ್ಟು, "ಹಂಗಂದ್ರ?" ಎಂದ.

ಪ್ರಶ್ನೋತ್ತರ ಶುರುವಾಯಿತು. ಸುಣ್ಣ ಯಾಕೆ ಹಾಕುತ್ತೀರಿ? "ಹಾಕಲಿಲ್ಲಂದ್ರ ಹುಳಿ ಆಕ್ಕೈತಿ." ಎಷ್ಟು ಹಾಕುತ್ತೀರಿ? "ಬೇಕಾದಷ್ಟು." ಎಷ್ಟು ಬೇಕಾಗುತ್ತದೆ? "ಹಾಕಿದ ಮ್ಯಾಲೆ ಗೊತ್ತಾಕ್ಕೈತಿ." ಮೇಷ್ಟ್ರು ಇದನ್ನು ಬರೆದುಕೊಳ್ಳಿ ಎಂದರು. ನಲವತ್ತು ಮಕ್ಕಳು ನೋಟ್‌ಬುಕ್ಕಿನಲ್ಲಿ "ಸುಣ್ಣ: ಬೇಕಾದಷ್ಟು" ಎಂದು ಬರೆದುಕೊಂಡರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಏನೂ ಬರೆಯುತ್ತಿರಲಿಲ್ಲ. ಅವಳ ಕಣ್ಣೆಲ್ಲ ಬೋಗುಣಿಯ ಮೇಲೆ. ಪಾಕ ಬಂದಾಗ ಸಾಲೂ ಇಲ್ಲ, ನೋಟ್‌ಬುಕ್ಕೂ ಇಲ್ಲ. ಬೋಗುಣಿಯಿಂದೆದ್ದ ಮೊದಲ ಉಂಡೆ ಅವಳಿಗೇ ಸಿಕ್ಕಿತು. ಯಜಮಾನ ಬಾಯಿ ತುಂಬ ಗದರಲು ತೊಡಗಿದ. ಎಲ್ಲರಿಗೂ ಸಮಾಧಾನವಾಯಿತು, ಆತನಿಗೇ ಹೆಚ್ಚು.

ಸೋಮವಾರ ಮಕ್ಕಳು ಬರೆದ ಪ್ರಬಂಧಗಳನ್ನು ಮೇಷ್ಟ್ರು ನನಗೆ ತೋರಿಸಿದರು. ರಾಮ್ಸರ್ ಪಟ್ಟಿಯನ್ನು ಎಲ್ಲರೂ ಒಂದೇ ವಾಕ್ಯದಲ್ಲಿ, ಒಂದೇ ಕಾಗುಣಿತ ತಪ್ಪಿನೊಡನೆ ಬರೆದಿದ್ದರು. ಗಾಣದ ವಿಷಯದಲ್ಲಿ ಮಾತ್ರ ಒಬ್ಬರದು ಇನ್ನೊಬ್ಬರ ಹಾಗಿರಲಿಲ್ಲ. ಒಬ್ಬ ಬೆಂಕಿ ಗುಂಡಿಯವನ ಹುಬ್ಬು ಸುಟ್ಟಿರುವುದನ್ನು ಬರೆದಿದ್ದ. ಇನ್ನೊಬ್ಬ, ಎಣ್ಣೆ ಹಾಕಿದರೆ ನೊರೆ ಇಳಿಯುತ್ತದೆ, ನಮ್ಮವ್ವ ಸಿಟ್ಟಾದಾಗಲೂ ಹೀಗೆ ಏನಾದರೂ ಹಾಕಲು ಬರುವಂತಿದ್ದರೆ ಎಂದು ಆಸೆಪಟ್ಟಿದ್ದ. ಇವನಿಗೆ ನಾನಾಗಿದ್ದರೆ ಹತ್ತಕ್ಕೆ ಹನ್ನೊಂದು ಕೊಡುತ್ತಿದ್ದೆ. ಸಿಹಿ ತಯಾರಾಗುವ ಕಡೆ ಮಕ್ಕಳನ್ನು ಟಿಕೆಟ್ಟು ಕೊಡಿಸಿ ಕರೆದೊಯ್ಯಿರಿ, ಟೆಂಪೊದಲ್ಲಿ ಕರೆದೊಯ್ಯಿರಿ, ಅವರು ಕಲಿಯುವುದು ದೊಡ್ಡವರ ಕೆಲಸಕ್ಕೆ ಅಡ್ಡ ಬರುತ್ತಲೇ. ಕೋರ್ಟ್‌ರೈಟಿನಲ್ಲಿ ಅಡ್ಡ ಬರುವುದಕ್ಕೂ ಒಂದು ವ್ಯವಸ್ಥೆ ಮಾಡಿದ್ದಾರೆ, ಅಷ್ಟೇ. ಅದನ್ನು ನಾನು ಹಳಿಯುವುದಿಲ್ಲ. ಸುತ್ತಲೂ ಅಡ್ಡ ಬರಬಹುದಾದ ಕೆಲಸಗಳೇ ಇಲ್ಲದ ಊರಿನಲ್ಲಿ ಮಕ್ಕಳು ಬೇರೆ ಏನು ಮಾಡಬೇಕು?

ನಮ್ಮ ಜಿಲ್ಲೆಯಲ್ಲ, ಪಕ್ಕದ ಬಳ್ಳಾರಿಯ ದರೋಜಿಯಲ್ಲಿ ಕರಡಿಗಳಿಗೂ ಇಂಥದೊಂದು ವ್ಯವಸ್ಥೆ ಇದೆ ಎಂಬುದು ನೆನಪಾಯಿತು. 1994ರಲ್ಲಿ ಅಲ್ಲಿ ಕರಡಿಧಾಮವಾಯಿತು. ನೋಡಲು ಬಂದವರಿಗೆ ಕರಡಿ ಕಾಣಬೇಕಲ್ಲ, ಅದಕ್ಕೆ ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗಳಿಗೆ ಜೇನು, ಬೆಲ್ಲದಂಥ ಸಿಹಿ ಬಳಿದು ಬರುತ್ತಾರೆ. ಇಳಿ ಹೊತ್ತಿಗೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂದು ಬಂಡೆ ನೆಕ್ಕುತ್ತವೆ. ಎದುರು ಗುಡ್ಡದ ಅಟ್ಟಣಿಗೆಯಿಂದ ನಾವು ನೋಡುತ್ತೇವೆ. ಒಮ್ಮೆ ಅಲ್ಲಿ ನಿಂತಿದ್ದಾಗ ಪಕ್ಕದ ಮಗುವೊಂದು ಕೇಳಿತು, ನಮಗೆ ಯಾಕೆ ಬಳಿದಿಲ್ಲ? ಅದರಪ್ಪ ಕುರ್ಕುರೆ ಪೊಟ್ಟಣ ಕೊಟ್ಟು ಸುಮ್ಮನಾಗಿಸಿದ.

ಮತ್ತೆ ಗಾಣಕ್ಕೆ ಬಂದರೆ, ಅವು ಕಡಿಮೆಯಾಗಿವೆ ಎಂದು ಗೋಳಾಡಬಹುದು. ಆದರೆ ಕಾರಣ ಗೋಳಿಗಿಂತ ಸರಳ. ಕಾರ್ಖಾನೆಯ ಲಾರಿ ಹೊಲಕ್ಕೇ ಬಂದು ಕಬ್ಬು ಒಯ್ಯುತ್ತದೆ, ತೂಕದ ಚೀಟಿ ಕೊಡುತ್ತದೆ. ಗಾಣಕ್ಕೆ ಆಳು ಸಿಗುವುದು ಕಷ್ಟ, ಪಾಕ ನೋಡುವವನು ಸಿಗುವುದು ಇನ್ನೂ ಕಷ್ಟ. ನೀರಿನದೊಂದು ಚಿಂತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಅವತ್ತಿನಿಂದ ನಮ್ಮ ಕಡೆ ಮೂರನೇ ಕ್ಲಾಸಿನ ಹುಡುಗನಿಗೂ ಒಟ್ಟು ಗೇಟು 33 ಎಂಬುದು ಬಾಯಿಪಾಠ. ಹತ್ತೊಂಬತ್ತರ ಮಗ್ಗಿ ಇನ್ನೂ ಬಾಯಿಪಾಠವಾಗಿಲ್ಲ. ಇನ್ನು ಬಣ್ಣದ ರಗಳೆ. ಪೇಟೆಯವರಿಗೆ ಹಳದಿ ಬೆಲ್ಲವೇ ಬೇಕೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವ ಚಾಳಿ ಬಂತು. ಈಗ ಅದೇ ಪೇಟೆಯವರಿಗೆ ಕಪ್ಪು ಬೆಲ್ಲ ಆರೋಗ್ಯಕ್ಕೆ ಒಳ್ಳೆಯದೆಂದು ತಿಳಿದು, ಏನೂ ಹಾಕದ ಬೆಲ್ಲಕ್ಕೆ ಎರಡು ಪಟ್ಟು ಬೆಲೆ. "ಹಾಕಿದ್ದಕ್ಕ ರೊಕ್ಕ ಕೊಡೋದು ಕಂಡಿದ್ವಿ, ಹಾಕದ್ದಕ್ಕೂ ಕೊಡ್ತಾರ" ಎಂದು ನಮ್ಮ ಯಜಮಾನ ನಗುತ್ತಾನೆ. ಹಾಗೆಂದು ಬೆಂಗಳೂರಿನ ಗಿರಾಕಿಗಳಿಗೆ ಡಬ್ಬಿ ತುಂಬಿಸಿ ಕಳಿಸುತ್ತಲೂ ಇದ್ದಾನೆ. ಮೇಪಲ್ಲಿನವರೂ ಇದೇ ದಾರಿಯಲ್ಲಿದ್ದಾರೆ, ಬಣ್ಣಕ್ಕೆ ತಕ್ಕ ಹೆಸರು, ಹೆಸರಿಗೆ ತಕ್ಕ ಬೆಲೆ.

ಟೊರಾಂಟೊದ ಹುಡುಗನಿಗೆ ನಾನು ನಮ್ಮ ಗಾಣದ ವಿಡಿಯೋ ಕಳಿಸಿದೆ. ಬೋಗುಣಿಯ ಉಂಡೆ ನೋಡಿದ ಮೇಲೆ ಅವನದು ಒಂದೇ ಹಟ, ಅಲ್ಲಿಗೆ ಬರಬೇಕು. ಅವನಮ್ಮ ಫೋನು ಮಾಡಿದಳು.

"ಚಿಕ್ಕಪ್ಪ, ಮಾರ್ಚ್ ರಜೆಗೆ ಕರಕೊಂಡು ಬರ್ತೀನಿ."

"ಮಾರ್ಚಿಗೆ ಗಾಣ ಇರಲ್ಲವ್ವ. ಜನವರಿಗೆ ಬಾ."

"ಜನವರಿಗೆ ಇವನ ಸಾಲಿ ಇರುತ್ತೆ. ಒಂದು ವಾರ ಗಾಣ ನಿಲ್ಲಿಸದ ಹಾಗೆ ಅವರಿಗೆ ಹೇಳೋಕಾಗಲ್ವಾ?"

ಹೇಳಿ ನೋಡೋಣ ಎಂದು ಗಾಣದ ಕಡೆ ಹೋದೆ. ಯಜಮಾನ ಒಲೆ ಗುಂಡಿಯ ಬೂದಿ ತೆಗೆಸುತ್ತಿದ್ದ. ವಿಷಯ ಕೇಳಿ ಸ್ವಲ್ಪ ಹೊತ್ತು ಯೋಚಿಸಿದ. ಹೊಲದ ಮೂಲೆಯ ಕೂಳೆ ಕಬ್ಬು ತೋರಿಸಿ, "ಅದೊಂದು ನಾಲ್ಕು ಸಾಲು ಕಡೀದೆ ಬಿಡ್ತೀನಿ ಸರ. ಮಾರ್ಚಿಗೆ ಹುಡುಗ ಬಂದಾಗ ಒಂದು ಕೊಪ್ಪರಿಗಿ ಇಳಿಸಿದ್ರಾತು" ಎಂದ.

"ಅಲ್ಲಿತನಕ ಬಿಟ್ಟರೆ ಸೂಲಂಗಿ ಒಡೆದು ಬೆಂಡಾಗಲ್ವಾ? ರುಚಿ ಹೋಗುತ್ತಲ್ಲಪ್ಪ."

"ಹೋಕ್ಕೈತಿ. ಆದ್ರ ಫಾರಿನ್ ಹುಡುಗ್ರಿಗೆ ಏನ್ ಗೊತ್ತಾಕ್ಕೈತ್ರಿ, ಬಿಡ್ರಿ."

"ಫಾರಿನ್ ಅಲ್ಲಪ್ಪ, ನಮ್ಮ ಅಣ್ಣನ ಮಗಳ ಮಗ. ನಮ್ಮ ಹುಡುಗನೇ."

ಯಜಮಾನ ಸಲಿಕೆ ಕೆಳಗಿಟ್ಟು ನನ್ನ ಮುಖ ನೋಡಿದ.

"ಹಂಗಾದ್ರ ಗೊತ್ತಾಕ್ಕೈತಿ. ಸಾಲಿ ಬಿಡಿಸಿ ಜನವರಿಗೇ ಕರಸ್ರಿ."